ಮನೆತನದ ಕಥೆಯ ಜೊತೆಗೆ ಅದರ ಆಧಾರವೂ ಅಚ್ಚಾಗಲಿ

ಮಾನ್ಯ ಸಂಪಾದಕರೆ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಓದುಗರು ತಮ್ಮ ಮನೆತನದ ಚರಿತ್ರೆಯನ್ನು ಬರೆದು ಕಳುಹಿಸುವ ಅಂಕಣವೊಂದು ಪ್ರಕಟವಾಗುತ್ತಿದೆ. ಅರಸರ ಮತ್ತು ಸೇನಾಪತಿಗಳ ಚರಿತ್ರೆಗೆ ಮೀಸಲಾಗಿದ್ದ ಜಾಗದಲ್ಲಿ ಸಾಮಾನ್ಯ ಸಂಸಾರಗಳ ನೆನಪಿಗೂ ಎಡೆ ಮಾಡಿಕೊಟ್ಟಿರುವುದಕ್ಕೆ ಮೊದಲಿಗೆ ನನ್ನ ಕೃತಜ್ಞತೆಗಳು. ಈ ಅಂಕಣವನ್ನು ನಾನು ಒಂದು ವಾರವೂ ಬಿಡದೆ ಓದುತ್ತೇನೆ. ಆದರೆ ಇದುವರೆಗೆ ಬಂದ ಬರಹಗಳನ್ನು ಒಟ್ಟಿಗೆ ಇಟ್ಟುಕೊಂಡು ನೋಡಿದಾಗ ಒಂದು ಕೊರತೆ ಎದ್ದು ಕಾಣುತ್ತದೆ. ಅಜ್ಜಿ ಹೇಳಿದ್ದು, ಕಡತದಲ್ಲಿ ಕಂಡದ್ದು, ಬರೆದವರು ತಾವೇ ಊಹಿಸಿಕೊಂಡದ್ದು, ಈ ಮೂರೂ ಒಂದೇ ದನಿಯಲ್ಲಿ, ಒಂದೇ ಖಚಿತತೆಯಿಂದ, ಒಂದೇ ವಾಕ್ಯದೊಳಗೆ ಬೆರೆತು ಅಚ್ಚಾಗುತ್ತಿವೆ. ಯಾವ ಮಾತು ಎಲ್ಲಿಂದ ಬಂತೆಂದು ತಿಳಿಯುವ ದಾರಿ ಓದುಗನಿಗೆ ಉಳಿದಿಲ್ಲ. ಇನ್ನೊಂದು ತಲೆಮಾರು ಕಳೆದ ಮೇಲೆ ಬರೆದವರ ಮೊಮ್ಮಕ್ಕಳಿಗೂ ಅದು ತಿಳಿಯಲಾರದು. ಅಷ್ಟು ಹೊತ್ತಿಗೆ ಅವರ ಕೈಯಲ್ಲಿರುವುದು ತಮ್ಮ ಪತ್ರಿಕೆಯ ಈ ಪುಟವೇ ಆಗಿರುತ್ತದೆ, ಮತ್ತು ಅದನ್ನೇ ಅವರು ದಾಖಲೆಯೆಂದು ತೋರಿಸುತ್ತಾರೆ. ಈ ಕಾರಣಕ್ಕಾಗಿಯೇ ಈ ವಿಷಯವನ್ನು ಸ್ವಲ್ಪ ವಿವರವಾಗಿ ಬರೆಯಬೇಕೆನ್ನಿಸಿತು.

ಮನೆತನದ ಐತಿಹ್ಯಗಳನ್ನು ಹತ್ತಾರು ದೇಶಗಳಿಂದ ಆಯ್ದು ಓದಿದವರಿಗೆ ಮೊದಲು ಹೊಳೆಯುವುದು ಅವುಗಳ ನಡುವಿನ ಹೋಲಿಕೆ. ಮೂವರು ಅಣ್ಣತಮ್ಮಂದಿರು ದೂರದಿಂದ ಬಂದರು, ಒಬ್ಬ ಇಲ್ಲಿ ನಿಂತ, ಒಬ್ಬ ಮುಂದೆ ಹೋದ, ಮೂರನೆಯವನ ಸುದ್ದಿಯೇ ತಿಳಿಯಲಿಲ್ಲ ಎಂಬ ಕಥೆ ಎಷ್ಟೋ ಕುಟುಂಬಗಳಲ್ಲಿ ಇದೆಯೆಂದರೆ, ಅನುಭವಸ್ಥ ಸಂಶೋಧಕರು ಅದನ್ನು ಕೇಳಿದ ಕೂಡಲೇ ಹುಷಾರಾಗುತ್ತಾರೆ. ಮೂಲಪುರುಷ ರಾಜವಂಶದವನು, ಅರಮನೆಯ ಒಳಜಗಳದಿಂದ ತಲೆಮರೆಸಿಕೊಂಡು ಹೆಸರು ಬದಲಿಸಿಕೊಂಡ ಎಂಬುದು ಇನ್ನೊಂದು. ಯಾವನೋ ಅಧಿಕಾರಿ ನಮ್ಮ ಮನೆತನದ ಹೆಸರನ್ನು ತಪ್ಪಾಗಿ ಬರೆದುಬಿಟ್ಟ ಎಂಬುದು ಮತ್ತೊಂದು. ಅಮೆರಿಕದ ಲಕ್ಷಾಂತರ ಕುಟುಂಬಗಳು ಈ ಕೊನೆಯ ಮಾತನ್ನು ನ್ಯೂಯಾರ್ಕ್ ಬಂದರಿನ ಎಲಿಸ್ ದ್ವೀಪದ ವಲಸೆ ಕಚೇರಿಯ ಮೇಲೆ ಹೊರಿಸುತ್ತವೆ. ಆದರೆ 1892ರ ಜನವರಿ 1ರಂದು ತೆರೆದ ಆ ಕಚೇರಿಯಲ್ಲಿ ಯಾರೂ ಹೊಸದಾಗಿ ಹೆಸರು ಬರೆದುಕೊಳ್ಳುತ್ತಿರಲಿಲ್ಲ. ಹಡಗು ಹೊರಟ ಬಂದರಿನಲ್ಲೇ ಪ್ರಯಾಣಿಕರ ಪಟ್ಟಿ ಸಿದ್ಧವಾಗುತ್ತಿತ್ತು, ಅಧಿಕಾರಿ ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಎದುರಿಗಿದ್ದವರನ್ನು ಪ್ರಶ್ನಿಸುತ್ತಿದ್ದ, ಅಷ್ಟೆ. ಹೆಸರು ಬದಲಾದದ್ದು ಬಹುಪಾಲು ಆಮೇಲೆ, ಶಾಲೆಯಲ್ಲಿ, ಕಾರ್ಖಾನೆಯಲ್ಲಿ, ನೆರೆಹೊರೆಯಲ್ಲಿ ಬದುಕು ಕಟ್ಟಿಕೊಳ್ಳುವಾಗ, ಹೆಚ್ಚಾಗಿ ಅವರದೇ ಇಷ್ಟದಿಂದ. ಹೆಸರನ್ನು ತಾವೇ ಬಿಟ್ಟುಕೊಟ್ಟೆವು ಎನ್ನುವುದಕ್ಕಿಂತ ಯಾರೋ ಕಿತ್ತುಕೊಂಡರು ಎನ್ನುವುದು ಮಕ್ಕಳಿಗೆ ಹೇಳಲು ಹಗುರ. ಆ ನೋವನ್ನು ನಾನು ಲಘುವಾಗಿ ಕಾಣುತ್ತಿಲ್ಲ. ಕಥೆ ಹುಟ್ಟಿದ್ದು ಎಲ್ಲಿಂದ ಎಂಬುದನ್ನಷ್ಟೇ ತೋರಿಸುತ್ತಿದ್ದೇನೆ.

ಐತಿಹ್ಯವನ್ನು ಪರೀಕ್ಷಿಸದೆ ನಂಬಿದರೆ ಆಗುವ ನಷ್ಟ ಬರೀ ತಿಳಿವಳಿಕೆಯದಲ್ಲ, ಹಣದ್ದೂ ಆಗಬಹುದು. ಇಂಗ್ಲೆಂಡಿನ ನಾವಿಕ ಸರ್ ಫ್ರಾನ್ಸಿಸ್ ಡ್ರೇಕ್ 1596ರಲ್ಲಿ ಸಮುದ್ರಯಾನದ ನಡುವೆ ತೀರಿಕೊಂಡ. ಅವನಿಗೆ ಮಕ್ಕಳಿರಲಿಲ್ಲ, ಆಸ್ತಿ ತಮ್ಮನಿಗೆ ಸೇರಿತು. ಹೀಗಿದ್ದರೂ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, 1920ರ ದಶಕದಲ್ಲಿ, ಅವನ ಆಸ್ತಿ ಇತ್ಯರ್ಥವಾಗದೆ ಕೊಳೆಯುತ್ತಿದೆ, ವ್ಯಾಜ್ಯಕ್ಕೆ ಹಣ ಹೂಡಿದವರಿಗೆ ನೂರಾರು ಪಟ್ಟು ವಾಪಸು ಬರುತ್ತದೆ ಎಂದು ಆಸ್ಕರ್ ಹಾರ್ಟ್‌ಜೆಲ್ ಎಂಬವನು ಅಮೆರಿಕದ ಸಾವಿರಾರು ಜನರಿಂದ ಹಣ ಕಿತ್ತ. 1933ರಲ್ಲಿ ಅವನಿಗೆ ಶಿಕ್ಷೆಯಾಯಿತು. ಮನಸ್ಸಿಗೆ ನಾಟುವ ಸಂಗತಿಯೆಂದರೆ, ಮೋಸಹೋದವರಲ್ಲಿ ಎಷ್ಟೋ ಮಂದಿ ಆಗಲೂ ಅವನ ಪರವಾಗಿಯೇ ನಿಂತರು. ನಮ್ಮ ಪೂರ್ವಿಕರಿಗೆ ಸೇರಬೇಕಾದದ್ದು ಎಲ್ಲೋ ಸಿಕ್ಕಿಹಾಕಿಕೊಂಡಿದೆ ಎಂಬ ನಂಬಿಕೆಗೆ ಅಂಥ ಹಿಡಿತ ಇರುತ್ತದೆ.

ಐತಿಹ್ಯಗಳು ಬದಲಾಗುವುದು ಸುಳ್ಳು ಹೇಳುವ ಉದ್ದೇಶದಿಂದಲೇ ಎಂದು ತಿಳಿಯಬಾರದು. ಈಗಿನ ಘಾನಾ ದೇಶದ ಉತ್ತರ ಭಾಗದಲ್ಲಿರುವ ಗೊಂಜಾ ರಾಜ್ಯದ ಒಂದು ಉದಾಹರಣೆಯನ್ನು ಜ್ಯಾಕ್ ಗೂಡಿ ಮತ್ತು ಇಯಾನ್ ವಾಟ್ ಎಂಬ ವಿದ್ವಾಂಸರು 1963ರಲ್ಲಿ ಜನರ ಮುಂದಿಟ್ಟರು. 20ನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ಆಡಳಿತದವರು ಅಲ್ಲಿನ ಮೌಖಿಕ ಪರಂಪರೆಯನ್ನು ಬರೆದುಕೊಂಡಾಗ, ರಾಜ್ಯ ಸ್ಥಾಪಿಸಿದ ಜಕ್ಪಾನಿಗೆ ಏಳು ಗಂಡುಮಕ್ಕಳಿದ್ದರೆಂದೂ ಒಬ್ಬೊಬ್ಬ ಮಗ ಒಂದೊಂದು ವಿಭಾಗವನ್ನು ಆಳಿದನೆಂದೂ ಜನ ಹೇಳಿದರು. ಆಗ ರಾಜ್ಯದಲ್ಲಿ ಏಳು ವಿಭಾಗಗಳಿದ್ದವು. ಮುಂದೆ ಗಡಿ ಬದಲಾವಣೆಯಂಥ ಕಾರಣಗಳಿಂದ ಎರಡು ವಿಭಾಗಗಳು ಇಲ್ಲವಾದವು. ಸುಮಾರು ಅರುವತ್ತು ವರ್ಷಗಳ ನಂತರ ಅದೇ ಕಥೆಯನ್ನು ಮತ್ತೆ ಬರೆದುಕೊಂಡಾಗ ಜಕ್ಪಾನಿಗೆ ಐದೇ ಮಕ್ಕಳು. ಆ ಇಬ್ಬರನ್ನು ಯಾರೂ ಕೂತು ಅಳಿಸಿಹಾಕಿರಲಿಲ್ಲ. ಅವರ ಹೆಸರಿನಿಂದ ಹೇಳಬೇಕಾದದ್ದು ಏನೂ ಉಳಿಯದೆ ಹೋದ ಕಾರಣ ಹೆಸರೂ ಉದುರಿಹೋಗಿತ್ತು. ಮೊದಲ ಸಲ ಕೇಳಿದ್ದನ್ನು ಯಾರೋ ಕಾಗದದ ಮೇಲೆ ಇಳಿಸಿರದಿದ್ದರೆ ಈ ಬದಲಾವಣೆ ನಡೆದದ್ದೇ ಲೋಕಕ್ಕೆ ತಿಳಿಯುತ್ತಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು. ಮಧ್ಯ ಆಫ್ರಿಕಾದ ಮೌಖಿಕ ಚರಿತ್ರೆಯನ್ನು ಅಭ್ಯಸಿಸಿದ ಬೆಲ್ಜಿಯಂ ಮೂಲದ ಇತಿಹಾಸಕಾರ ಯಾನ್ ವಾನ್ಸಿನಾ ಇದಕ್ಕೆ ಹೊಂದುವ ಇನ್ನೊಂದು ಸಂಗತಿಯನ್ನು ಗುರುತಿಸಿದ್ದರು. ಜನರಿಗೆ ತೀರ ಹತ್ತಿರದ ಎರಡು ಮೂರು ತಲೆಮಾರುಗಳ ವಿಷಯ ಧಾರಾಳವಾಗಿ ಗೊತ್ತಿರುತ್ತದೆ, ಮೂಲಪುರುಷನ ವಿಷಯವೂ ಧಾರಾಳವಾಗಿ ಗೊತ್ತಿರುತ್ತದೆ, ನಡುವೆ ಮಾತ್ರ ಬರಿದು. ತಲೆಮಾರುಗಳು ಸರಿದಂತೆ ಈ ಬರಿದಾದ ಜಾಗವೂ ಮುಂದಕ್ಕೆ ಸರಿಯುತ್ತದೆ. ಎಷ್ಟೋ ಮನೆಗಳಲ್ಲಿ ಮುತ್ತಜ್ಜನ ತಂದೆಯ ಹೆಸರೇ ಮೂಲಪುರುಷನ ಹೆಸರೂ ಆಗಿ ಕುಳಿತಿರುವುದು ಈ ನಡುವಿನ ತಲೆಮಾರುಗಳು ಒಂದರೊಳಗೊಂದು ಕುಸಿದದ್ದರಿಂದ.

ಹಾಗಾದರೆ ಬಾಯಿಮಾತನ್ನೆಲ್ಲ ಬದಿಗಿಟ್ಟು ಕಾಗದವನ್ನಷ್ಟೇ ನಂಬಬೇಕೇ ಎಂದು ಯಾರಾದರೂ ಕೇಳಬಹುದು. ಇಲ್ಲ ಎನ್ನುವುದಕ್ಕೆ ನನಗೆ ಗೊತ್ತಿರುವ ಅತ್ಯಂತ ಬಲವಾದ ನಿದರ್ಶನ ಅಮೆರಿಕದ ಮೂರನೆಯ ಅಧ್ಯಕ್ಷ ಥಾಮಸ್ ಜೆಫರ್ಸನ್ ಅವರದು. ಅವರ ಮನೆಯಲ್ಲಿ ಗುಲಾಮಳಾಗಿದ್ದ ಸ್ಯಾಲಿ ಹೆಮಿಂಗ್ಸ್ ಅವರ ಮಕ್ಕಳಿಗೆ ಜೆಫರ್ಸನ್ ಅವರೇ ತಂದೆ ಎಂಬ ಮಾತು 1802ರಲ್ಲೇ ಪತ್ರಿಕೆಯಲ್ಲಿ ಬಂದಿತ್ತು. ಸ್ಯಾಲಿಯವರ ಮಗ ಮ್ಯಾಡಿಸನ್ ಹೆಮಿಂಗ್ಸ್ 1873ರಲ್ಲಿ ಒಹಾಯೊದ ಒಂದು ಪತ್ರಿಕೆಗೆ ತಮ್ಮ ಬದುಕಿನ ಕಥೆ ಹೇಳುತ್ತ ಅದನ್ನೇ ಸ್ಪಷ್ಟವಾಗಿ ನುಡಿದರು. ಜೆಫರ್ಸನ್ ಅವರ ಮೊಮ್ಮಕ್ಕಳ ಮನೆಯಲ್ಲಿ ಬೇರೊಂದು ಕಥೆ ಇತ್ತು. ಆ ಮಕ್ಕಳ ತಂದೆ ಅಜ್ಜನಲ್ಲ, ಅಜ್ಜನ ಸೋದರಳಿಯಂದಿರಾದ ಕಾರ್ ಸಹೋದರರಲ್ಲಿ ಒಬ್ಬ ಎಂದು ಅವರು ಹೇಳುತ್ತ ಬಂದರು. ಇದರ ಜೊತೆಗೆ ಥಾಮಸ್ ವುಡ್ಸನ್ ಎಂಬವರ ವಂಶಸ್ಥರು, ತಮ್ಮ ಮೂಲಪುರುಷನೂ ಸ್ಯಾಲಿ ಮತ್ತು ಜೆಫರ್ಸನ್ ಅವರ ಮಗನೇ ಎಂದು ತಲೆಮಾರುಗಳಿಂದ ನಂಬಿಕೊಂಡು ಬಂದಿದ್ದರು. ಒಟ್ಟಿನಲ್ಲಿ ಮೂರು ಮನೆತನಗಳು, ಮೂರು ಐತಿಹ್ಯಗಳು, ಮೂರೂ ಶ್ರದ್ಧೆಯಿಂದ ಕಾಪಾಡಿಕೊಂಡು ಬಂದವು. ಇತಿಹಾಸಕಾರರು ನೂರು ವರ್ಷಗಳಿಗೂ ಹೆಚ್ಚು ಕಾಲ ನಂಬಿದ್ದು ಅಕ್ಷರಸ್ಥರಾದ, ಕಾಗದಪತ್ರಗಳನ್ನು ಉಳಿಸಿಕೊಂಡ, ಸಮಾಜದಲ್ಲಿ ಎತ್ತರದಲ್ಲಿದ್ದ ಮೊಮ್ಮಕ್ಕಳ ಮಾತನ್ನು.

1998ರಲ್ಲಿ ಡಿಎನ್‌ಎ ಪರೀಕ್ಷೆ ನಡೆಯಿತು. ಗಂಡಸರಲ್ಲಿ ಮಾತ್ರ ಇರುವ ವೈ ವರ್ಣತಂತು (ಕ್ರೋಮೋಸೋಮ್) ತಂದೆಯಿಂದ ಮಗನಿಗೆ ಹೆಚ್ಚುಕಡಿಮೆ ಬದಲಾಗದೆ ಇಳಿದುಬರುತ್ತದೆ. ಜೆಫರ್ಸನ್ ಅವರ ದಾಂಪತ್ಯದಲ್ಲಿ ಹುಟ್ಟಿ ಬದುಕುಳಿದ ಗಂಡುಮಕ್ಕಳು ಇರಲಿಲ್ಲವಾದ್ದರಿಂದ ಅವರ ಚಿಕ್ಕಪ್ಪ–ದೊಡ್ಡಪ್ಪಂದಿರ ಸಾಲಿನ ಫೀಲ್ಡ್ ಜೆಫರ್ಸನ್ ಅವರ ಗಂಡುಸಂತಾನದವರಿಂದ ಮಾದರಿ ಪಡೆದರು. ಸ್ಯಾಲಿಯವರ ಕಿರಿಯ ಮಗ ಎಸ್ಟನ್ ಅವರ ವಂಶಸ್ಥನ ಮಾದರಿ ಅದಕ್ಕೆ ಹೊಂದಿತು. ಕಾರ್ ಮನೆತನದ ಮಾದರಿ ಎಸ್ಟನ್ ವಂಶಸ್ಥನದಕ್ಕೆ ಹೊಂದಲಿಲ್ಲ. ವುಡ್ಸನ್ ವಂಶಸ್ಥರ ಮಾದರಿ ಜೆಫರ್ಸನ್ ಮನೆತನದ್ದಕ್ಕೆ ಹೊಂದಲಿಲ್ಲ. ಅಂದರೆ ಒಂದೇ ಪರೀಕ್ಷೆ, ಗುಲಾಮರ ಮನೆಯಲ್ಲಿ ಉಳಿದುಬಂದ ಒಂದು ಬಾಯಿಮಾತಿಗೆ ಬಲ ಕೊಟ್ಟಿತು, ಅದೇ ಬಗೆಯ ಇನ್ನೊಂದು ಬಾಯಿಮಾತನ್ನು ತಳ್ಳಿಹಾಕಿತು, ಅಕ್ಷರಸ್ಥರ ಮನೆಯ ಕಥೆಯನ್ನೂ ತಳ್ಳಿಹಾಕಿತು. ಎಸ್ಟನ್ ಅವರ ಸಂತತಿಯವರು ಬಿಳಿಯರ ನಡುವೆ ಬಿಳಿಯರಾಗಿಯೇ ಬದುಕುತ್ತಿದ್ದುದರಿಂದ, ನಾವು ಜೆಫರ್ಸನ್ ಅವರ ಸಂಬಂಧಿಕರ ವಂಶದವರು ಎಂದು ತಮ್ಮ ಕಥೆಯನ್ನು ತಾವೇ ಮಾರ್ಪಡಿಸಿಕೊಂಡಿದ್ದರು. ನಿಜವಿದ್ದ ಮನೆಯಲ್ಲೇ ನಿಜ ಮಸುಕಾಗಿತ್ತು.

ಇಷ್ಟಾದರೂ ಆ ಪರೀಕ್ಷೆ ಏನನ್ನು ಹೇಳಿತು, ಏನನ್ನು ಹೇಳಲಿಲ್ಲ ಎಂಬುದನ್ನು ಬಿಡಿಸಿ ನೋಡಬೇಕು. ಎಸ್ಟನ್ ಅವರ ತಂದೆ ಜೆಫರ್ಸನ್ ಮನೆತನದ ಗಂಡಸು ಎಂದಷ್ಟೇ ಅದು ಹೇಳಿತು. ಆ ಗಂಡಸು ಥಾಮಸ್ ಅವರೇ ಎಂದು ಹೇಳಲು ವರ್ಣತಂತುವಿಗೆ ಸಾಧ್ಯವಿರಲಿಲ್ಲ, ಅವರಿಗೆ ತಮ್ಮನೂ ಇದ್ದ. ಆ ಹೆಜ್ಜೆಗೆ ಬೇಕಾದದ್ದು ಹಳೆಯ ಕಾಗದಗಳೇ. ಸ್ಯಾಲಿಯವರ ಒಂದೊಂದು ಮಗು ಹುಟ್ಟಿದ ದಿನದಿಂದ ಹಿಂದಕ್ಕೆ ಎಣಿಸಿದರೆ ಗರ್ಭ ನಿಂತ ಕಾಲದಲ್ಲೆಲ್ಲ ಜೆಫರ್ಸನ್ ಆ ಮನೆಯಲ್ಲೇ ಇದ್ದರೆಂದು ಅವರ ಓಡಾಟದ ದಾಖಲೆಗಳು ತೋರಿಸುತ್ತವೆ. ಇವೆಲ್ಲವನ್ನೂ ಮ್ಯಾಡಿಸನ್ ಅವರ ಹೇಳಿಕೆಯೊಂದಿಗೆ ಇಟ್ಟು ತೂಗಿ, ಜೆಫರ್ಸನ್ ಅವರ ಮನೆಯನ್ನು ನೋಡಿಕೊಳ್ಳುವ ಪ್ರತಿಷ್ಠಾನವು 2000ದಲ್ಲಿ ಅವರೇ ತಂದೆಯಾಗಿರುವ ಸಂಭವ ಬಹಳ ಹೆಚ್ಚು ಎಂಬ ತೀರ್ಮಾನಕ್ಕೆ ಬಂತು. ಒಪ್ಪದ ವಿದ್ವಾಂಸರು ಈಗಲೂ ಇದ್ದಾರೆ. ಬಾಯಿಮಾತು, ಕಾಗದ, ರಕ್ತ ಈ ಮೂರರಲ್ಲಿ ಯಾವುದೂ ಒಂಟಿಯಾಗಿ ಸಾಲದೆ, ಮೂರೂ ಸೇರಿದಾಗ ಮಾತ್ರ ಉತ್ತರ ಗಟ್ಟಿಯಾಯಿತು ಎಂಬ ಕಾರಣಕ್ಕೆ ಈ ಪ್ರಕರಣವನ್ನು ಇಷ್ಟು ವಿಸ್ತಾರವಾಗಿ ಬರೆದೆ.

ಕಾಗದವೂ ಮೋಸಮಾಡುತ್ತದೆ. ಸ್ವೀಡನ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಗುಸ್ತಾವ್ ಆಂಜೂ ಎಂಬವನು 20ನೇ ಶತಮಾನದ ಮೊದಲ ದಶಕಗಳಲ್ಲಿ ಶ್ರೀಮಂತರಿಗೆ ವಂಶಾವಳಿ ಬರೆದುಕೊಡುವುದನ್ನೇ ಕಸುಬು ಮಾಡಿಕೊಂಡಿದ್ದ. ಅವನು ತಯಾರಿಸಿದ ವಂಶಾವಳಿಗಳಲ್ಲಿ ನಿಜವಾದ ದಾಖಲೆಗಳ ಉಲ್ಲೇಖ ದಂಡಿಯಾಗಿರುತ್ತಿತ್ತು, ಅವುಗಳ ನಡುವೆ ಎಲ್ಲಿಯೂ ಇಲ್ಲದ ಒಂದು ಮರಣಶಾಸನವನ್ನೋ ಒಂದು ವಿವಾಹವನ್ನೋ ಸೇರಿಸಿ, ಹಣ ಕೊಟ್ಟವರ ಬಳ್ಳಿಯನ್ನು ಯಾವುದೋ ದೊಡ್ಡ ಮನೆತನದ ಬುಡಕ್ಕೆ ಕೂಡಿಸಿಬಿಡುತ್ತಿದ್ದ. ಅವನು 1942ರಲ್ಲಿ ತೀರಿಕೊಂಡರೂ ಅವನ ಕೃತಕ ಪೂರ್ವಿಕರು ಗ್ರಂಥಾಲಯಗಳಲ್ಲಿ ಉಳಿದರು, ಅಲ್ಲಿಂದ ಬೇರೆ ಪುಸ್ತಕಗಳಿಗೂ ಈಗ ಕಂಪ್ಯೂಟರ್‌ನ ವಂಶವೃಕ್ಷಗಳಿಗೂ ಹರಿದುಬಂದರು. ನೂರು ಕಡೆ ಕಾಣಿಸಿಕೊಂಡ ಮಾತ್ರಕ್ಕೆ ಒಂದು ಮಾತಿಗೆ ನೂರು ಸಾಕ್ಷಿ ಸಿಕ್ಕಿತೆಂದು ಅರ್ಥವಲ್ಲ. ನೂರೂ ಒಂದೇ ಪುಟದಿಂದ ನಕಲಾಗಿರಬಹುದು.

ಮೋಸದ ಉದ್ದೇಶವೇ ಇಲ್ಲದ ಸರ್ಕಾರಿ ದಾಖಲೆಯನ್ನೂ ಅದು ಹೇಗೆ ಹುಟ್ಟಿತೆಂದು ತಿಳಿದೇ ಓದಬೇಕು. ಬ್ರಿಟನ್ನಿನ 1841ರ ಜನಗಣತಿಯಲ್ಲಿ ಹದಿನೈದು ದಾಟಿದವರ ವಯಸ್ಸನ್ನು ಐದರ ಗುಣಕಕ್ಕೆ ಇಳಿಸಿ ಬರೆಯಬೇಕೆಂದು ಗಣತಿದಾರರಿಗೆ ಸೂಚನೆಯಿತ್ತು. ಹಾಗಾಗಿ ಅದರಲ್ಲಿ 30 ಎಂದಿದ್ದರೆ ಆ ವ್ಯಕ್ತಿಗೆ 34 ಆಗಿರಲೂಬಹುದು. ಇಂಗ್ಲೆಂಡಿನಲ್ಲಿ 1752ಕ್ಕೆ ಮುಂಚೆ ಹೊಸ ವರ್ಷ ಶುರುವಾಗುತ್ತಿದ್ದುದು ಮಾರ್ಚ್ 25ಕ್ಕೆ. ಇದನ್ನು ಅರಿಯದವರು ಒಂದು ವರ್ಷದ ಜೂನ್‌ನಲ್ಲಿ ಮದುವೆ, ‘ಅದೇ ವರ್ಷದ’ ಫೆಬ್ರವರಿಯಲ್ಲಿ ಮಗು ಎಂದು ಓದಿ, ಮದುವೆಗೆ ಮುಂಚೆಯೇ ಮಗು ಹುಟ್ಟಿತೆಂದು ಯಾರದೋ ಮುತ್ತಜ್ಜಿಗೆ ಇಲ್ಲದ ಕಳಂಕ ಹಚ್ಚುತ್ತಾರೆ. ಆ ಫೆಬ್ರವರಿ ಜೂನ್ ಕಳೆದ ಮೇಲೆ ಬಂದದ್ದು. ಮರಣ ನೋಂದಣಿಯ ವಿಷಯವೂ ಹೀಗೆಯೇ. ಸತ್ತ ದಿನದ ಮಟ್ಟಿಗೆ ಅದು ಒಳ್ಳೆಯ ಸಾಕ್ಷಿ, ಏಕೆಂದರೆ ಹೇಳಿ ಬರೆಸಿದವರು ಅಲ್ಲೇ ಇದ್ದವರು. ಆದರೆ ಅದೇ ಹಾಳೆಯಲ್ಲಿರುವ ಹುಟ್ಟಿದ ವರ್ಷ, ಹುಟ್ಟಿದ ಸ್ಥಳ, ತಂದೆತಾಯಿಯ ಹೆಸರುಗಳನ್ನು ಹೇಳಿದವರು ಅಳಿಯನೋ ನೆರೆಮನೆಯವರೋ ಆಗಿರುತ್ತಾರೆ, ಸತ್ತವರು ಹುಟ್ಟಿದ್ದನ್ನು ಅವರು ನೋಡಿದವರಲ್ಲ. ಒಂದೇ ಹಾಳೆಯ ಒಂದು ಸಾಲು ಗಟ್ಟಿ, ಇನ್ನೊಂದು ಸಾಲು ಬರೀ ಕೇಳಿದ ಮಾತು.

ನಮ್ಮ ಮನೆಯಲ್ಲಿ ಉಳಿದಿರುವ ಒಂದು ಹಳೆಯ ಲೆಕ್ಕದ ಪುಸ್ತಕವನ್ನು ಇಲ್ಲಿ ಹೇಳಬಹುದು. ಅದರ ಕೊನೆಯ ಪುಟದಲ್ಲಿ ಮನೆಯ ಮಕ್ಕಳ ಜನನದ ದಿನಾಂಕಗಳಿವೆ. ದಿನ, ವಾರ, ಹೊತ್ತು ಸಹಿತವಾಗಿ ಬರೆದಿರುವುದರಿಂದ ನೋಡಿದ ಕೂಡಲೇ ನಂಬಿಕೆ ಹುಟ್ಟುತ್ತದೆ. ಆದರೆ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರೆ ಮೊದಲ ಮಗುವಿನಿಂದ ಕೊನೆಯ ಮಗುವಿನವರೆಗೆ ಶಾಯಿಯ ಬಣ್ಣ ಒಂದೇ, ಅಕ್ಷರದ ಓರೆ ಒಂದೇ, ನಿಬ್ಬಿನ ಮೊನೆಯ ದಪ್ಪ ಒಂದೇ, ಸಾಲುಗಳ ನಡುವಿನ ಅಂತರವೂ ಅಳೆದಿಟ್ಟಂತೆ ಒಂದೇ. ಇಪ್ಪತ್ತು ವರ್ಷಗಳ ಉದ್ದಕ್ಕೆ ಆಗಾಗ ಬರೆದಿದ್ದರೆ ಹಾಗಿರಲು ಸಾಧ್ಯವಿಲ್ಲ. ಯಾರೋ ಒಬ್ಬರು ಒಂದೇ ದಿನ ಕುಳಿತು, ನೆನಪಿನಿಂದಲೋ ಹಳೆಯ ಚೀಟಿಗಳಿಂದಲೋ ಅಷ್ಟನ್ನೂ ಬರೆದಿಟ್ಟಿದ್ದಾರೆ. ಅವರು ಮಾಡಿದ್ದು ದೊಡ್ಡ ಉಪಕಾರ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹಿರಿಯ ಮಕ್ಕಳ ದಿನಾಂಕಗಳಿಗೆ ಆ ಪುಟ ಸಮಕಾಲೀನ ದಾಖಲೆಯಾಗುವುದಿಲ್ಲ. ಭಾವಚಿತ್ರಗಳಿಗೂ ಇದೇ ಮಾತು ಸಲ್ಲುತ್ತದೆ. ಫೋಟೊ ತೆಗೆಯುವ ಮೊದಮೊದಲ ವಿಧಾನಗಳಲ್ಲಿ ಒಂದಾದ ಡಗೇರೊಟೈಪ್ ಲೋಕಕ್ಕೆ ಪ್ರಕಟವಾದದ್ದು 1839ರಲ್ಲಿ. ಚಿಕ್ಕ ರಟ್ಟಿಗೆ ಅಂಟಿಸಿದ ಅಗ್ಗದ ಭಾವಚಿತ್ರಗಳಿಗೆ ಪ್ಯಾರಿಸ್‌ನಲ್ಲಿ ಪೇಟೆಂಟ್ ಸಿಕ್ಕಿದ್ದು 1854ರಲ್ಲಿ. 1830ರಲ್ಲಿ ತೀರಿಕೊಂಡರೆನ್ನುವ ಹಿರಿಯರ ಫೋಟೊ ಮನೆಯ ಗೋಡೆಯ ಮೇಲಿದ್ದರೆ, ಅದು ಅವರ ಮಗನದೋ ಮೊಮ್ಮಗನದೋ ಆಗಿರಬೇಕು, ಇಲ್ಲವೇ ಯಾವುದೋ ವರ್ಣಚಿತ್ರದಿಂದ ತೆಗೆದದ್ದಾಗಿರಬೇಕು.

ಶೋಧನೆಯ ದಾರಿಯಲ್ಲಿ ನಾನು ಒತ್ತಿಹೇಳಬೇಕೆಂದಿರುವುದು ದಿಕ್ಕಿನ ವಿಷಯ. ಪುರವಣಿಗೆ ಬರೆಯುವವರಲ್ಲಿ ಬಹುಮಂದಿ ಪ್ರಸಿದ್ಧ ಮೂಲಪುರುಷನಿಂದ ಶುರುಮಾಡಿ ತಮ್ಮತ್ತ ಇಳಿದುಬರುತ್ತಾರೆ. ಹಾಗೆ ಹೊರಟವರಿಗೆ ಎಲ್ಲಿಗೆ ತಲುಪಬೇಕೆಂಬುದು ಮೊದಲೇ ತೀರ್ಮಾನವಾಗಿರುತ್ತದೆ, ಹೆಸರು ಹೊಂದಿದ ಕಡೆಯಲ್ಲೆಲ್ಲ ಕೊಂಡಿ ಬೀಳುತ್ತದೆ. ತನ್ನಿಂದ ಹೊರಟು, ತಂದೆತಾಯಿ, ಅವರ ತಂದೆತಾಯಿ ಎಂದು ಒಂದೊಂದೇ ತಲೆಮಾರನ್ನು ಹಿಂದಕ್ಕೆ ಏರುವುದೇ ಸರಿಯಾದ ಕ್ರಮ. ಪ್ರತಿಯೊಂದು ಹೆಜ್ಜೆಯಲ್ಲೂ, ಇವನು ಅವನ ಮಗನೆಂದು ಯಾವ ಆಧಾರದಿಂದ ಹೇಳುತ್ತೇನೆ ಎಂಬ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆಯೇ ಮುಂದಿನ ಹೆಜ್ಜೆ. ಅಜ್ಜನ ಹೆಸರನ್ನು ಮೊಮ್ಮಕ್ಕಳಿಗೆ ಇಡುವ ರೂಢಿ ಇರುವ ಸಮಾಜಗಳಲ್ಲಿ ಒಂದೇ ಕಾಲಕ್ಕೆ ಒಂದೇ ಹೆಸರಿನ ಇಬ್ಬರು ಮೂವರು ದಾಯಾದಿಗಳು ಇರುವುದು ಸಾಮಾನ್ಯ. ಕ್ರಯಪತ್ರದಲ್ಲಿ ನಮ್ಮ ಮುತ್ತಜ್ಜನ ಹೆಸರು ಕಂಡ ಮಾತ್ರಕ್ಕೆ ಅದು ನಮ್ಮ ಮುತ್ತಜ್ಜನೇ ಆಗಬೇಕಿಲ್ಲ. ಹೆಂಡತಿಯ ಹೆಸರು, ಅಣ್ಣತಮ್ಮಂದಿರು, ಸಾಕ್ಷಿ ಹಾಕಿದವರು, ಜಮೀನಿನ ಚೆಕ್ಕುಬಂದಿ, ಸಹಿ, ಇವುಗಳನ್ನು ಕೂಡಿಸಿ ನೋಡಿದಾಗ ಮಾತ್ರ ಒಬ್ಬನನ್ನು ಇನ್ನೊಬ್ಬನಿಂದ ಬೇರ್ಪಡಿಸಲು ಬರುತ್ತದೆ. ನೇರ ಸಾಲಿನವರನ್ನಷ್ಟೇ ಹುಡುಕದೆ ಅವರ ಒಡಹುಟ್ಟಿದವರನ್ನೂ ನೆರೆಯವರನ್ನೂ ಹುಡುಕಬೇಕೆನ್ನುವುದು ಈ ಕಾರಣಕ್ಕೆ.

ಹಿರಿಯರನ್ನು ಮಾತನಾಡಿಸುವ ಬಗೆಗೂ ಒಂದೆರಡು ಮಾತು. ಎಲ್ಲರನ್ನೂ ಒಂದೇ ಜಮಖಾನದ ಮೇಲೆ ಕೂರಿಸಿ ಕೇಳಿದರೆ ಜೋರಾಗಿ ಮಾತನಾಡುವವರ ಕಥೆಯೇ ಎಲ್ಲರ ಕಥೆಯಾಗಿಬಿಡುತ್ತದೆ. ಒಬ್ಬೊಬ್ಬರನ್ನೇ, ಬೇರೆಬೇರೆಯಾಗಿ ಕೇಳಬೇಕು. ಯಾವ ಇಸವಿಯಲ್ಲಿ ಎಂದು ಕೇಳಿದರೆ ಅವರು ತಡವರಿಸುತ್ತಾರೆ. ನೀವು ಹುಟ್ಟುವ ಮೊದಲೋ ಆಮೇಲೋ, ದೊಡ್ಡಕ್ಕನ ಮದುವೆಗಿಂತ ಮುಂಚೆಯೋ ನಂತರವೋ ಎಂದು ಕೇಳಿದರೆ ಕರಾರುವಾಕ್ಕಾಗಿ ಹೇಳುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಇದನ್ನು ನೀವು ಕಣ್ಣಾರೆ ಕಂಡಿರಾ, ಯಾರಿಂದ ಕೇಳಿದಿರಿ ಎಂದು ವಿನಯದಿಂದ ವಿಚಾರಿಸಿ, ಉತ್ತರವನ್ನು ಅವರದೇ ಮಾತಿನಲ್ಲಿ, ದಿನಾಂಕ ಹಾಕಿ ಬರೆದುಕೊಳ್ಳಬೇಕು. ಕಾಗದಗಳು ಇನ್ನೂ ಎಷ್ಟೋ ಕಾಲ ಕಪಾಟಿನಲ್ಲಿ ಕಾಯುತ್ತವೆ, ಹಿರಿಯರು ಕಾಯುವುದಿಲ್ಲ. ಹಾಗಾಗಿ ಮೊದಲು ಹೋಗಬೇಕಾದದ್ದು ಅವರ ಬಳಿಗೆ.

ಎಲ್ಲ ದಾಖಲೆಗಳೂ ಬೆಂಕಿಗೆ ಆಹುತಿಯಾದವು ಎಂಬ ಮಾತನ್ನು ಅಂಕಣದಲ್ಲಿ ಹಲವರು ಬರೆದಿದ್ದಾರೆ. ನಿಜವಾಗಿಯೂ ಹಾಗಾಗಿರುತ್ತದೆ. ಐರ್ಲೆಂಡಿನ ಅಂತರ್ಯುದ್ಧದಲ್ಲಿ, 1922ರ ಜೂನ್ 30ರಂದು, ಡಬ್ಲಿನ್‌ನ ಸಾರ್ವಜನಿಕ ದಾಖಲೆ ಕಚೇರಿ ಸುಟ್ಟು ಏಳು ಶತಮಾನಗಳ ಕಡತಗಳು ಬೂದಿಯಾದವು. ಆದರೆ ಆ ಬೆಂಕಿಯ ಸುತ್ತಲೂ ಒಂದು ಐತಿಹ್ಯ ಬೆಳೆದಿದೆ. 1861ರಿಂದ 1891ರವರೆಗಿನ ಜನಗಣತಿಯ ಹಾಳೆಗಳು ಅಲ್ಲಿ ಸುಡಲೇ ಇಲ್ಲ, ಅವನ್ನು ಸರ್ಕಾರವೇ ಅದಕ್ಕೂ ಮೊದಲು ನಾಶಪಡಿಸಿತ್ತು. 1901 ಮತ್ತು 1911ರ ಹಾಳೆಗಳು ಈಗಲೂ ಓದಲು ಸಿಗುತ್ತವೆ, 1864ರಿಂದ ಶುರುವಾದ ಜನನ ಮರಣ ನೋಂದಣಿಯೂ ಬೇರೆ ಕಚೇರಿಯಲ್ಲಿದ್ದುದರಿಂದ ಉಳಿದಿದೆ. ಎಲ್ಲವೂ ಸುಟ್ಟುಹೋಯಿತು ಎಂದು ನಂಬಿದ ಕುಟುಂಬಗಳು ಇರುವುದನ್ನೂ ಹುಡುಕದೆ ಕುಳಿತವು. ಸುಟ್ಟದ್ದು ಏನು, ಉಳಿದದ್ದು ಏನು ಎಂದು ವಿಚಾರಿಸದೆ ಕೈಚೆಲ್ಲಬಾರದು. ವಿಚಾರಿಸಿದ ಮೇಲೂ ಏನೂ ಸಿಗದಿದ್ದರೆ ಆ ಜಾಗವನ್ನು ಖಾಲಿ ಬಿಡಬೇಕು. ವಂಶವೃಕ್ಷದಲ್ಲಿ ಖಾಲಿ ಚೌಕ ಇದ್ದರೆ ಅವಮಾನವೇನಿಲ್ಲ.

ರಾಜವಂಶದ ವಿಷಯಕ್ಕೆ ಬಂದರೆ, ಲೆಕ್ಕವೇ ಒಂದು ಉತ್ತರ ಹೇಳುತ್ತದೆ. ಹಿಂದಕ್ಕೆ ಹೋದಂತೆ ಪೂರ್ವಿಕರ ಸಂಖ್ಯೆ ಇಮ್ಮಡಿಯಾಗುತ್ತದೆ. ಹತ್ತು ತಲೆಮಾರಿಗೆ 1,024, ಇಪ್ಪತ್ತಕ್ಕೆ ಹತ್ತು ಲಕ್ಷದ ಮೇಲೆ, ಮೂವತ್ತಕ್ಕೆ ನೂರು ಕೋಟಿಯ ಮೇಲೆ. ಮೂವತ್ತು ತಲೆಮಾರಿನ ಹಿಂದೆ ಇಡೀ ಭೂಮಿಯ ಮೇಲೆ ಅಷ್ಟು ಜನರೇ ಇರಲಿಲ್ಲ. ಅಂದರೆ ಒಬ್ಬರೇ ವ್ಯಕ್ತಿ ನಮ್ಮ ವಂಶವೃಕ್ಷದಲ್ಲಿ ಹಲವು ಕೊಂಬೆಗಳ ಮೇಲೆ ಮತ್ತೆಮತ್ತೆ ಕಾಣಿಸಿಕೊಳ್ಳುತ್ತಾರೆ, ಒಂದು ಪ್ರದೇಶದ ಬಹುಪಾಲು ಜನ ಎಲ್ಲೋ ಒಂದು ಕಡೆ ಸಂಬಂಧಿಕರಾಗಿಬಿಡುತ್ತಾರೆ. ಅಷ್ಟು ಹಿಂದಿನ ಅರಸನೊಬ್ಬನ ರಕ್ತ ನಮ್ಮಲ್ಲಿರುವುದು ಅಸಂಭವವಲ್ಲ, ಆದರೆ ಅದು ನೆರೆಮನೆಯವರಲ್ಲೂ ಇರುತ್ತದೆ, ಆ ಅರಸನ ಕುದುರೆ ಮೇಯಿಸಿದವನ ರಕ್ತವೂ ನಮ್ಮಲ್ಲಿರುತ್ತದೆ. ತಂದೆಯ ತಂದೆಯ ತಂದೆ ಎಂಬ ಒಂದೇ ಎಳೆಯನ್ನು ಹಿಡಿದು ಅದನ್ನೇ ಇಡೀ ವಂಶವೆಂದು ಬರೆಯುವಾಗ ಉಳಿದ ಸಾವಿರದಷ್ಟು ಎಳೆಗಳನ್ನು, ಅದರಲ್ಲೂ ತಾಯಂದಿರ ಎಳೆಗಳನ್ನು ನಾವು ಮುಚ್ಚಿಹಾಕುತ್ತೇವೆ. ಪ್ರಕಟವಾದ ಎಷ್ಟೋ ಬರಹಗಳಲ್ಲಿ ಮುತ್ತಜ್ಜಿಯರ ಹೆಸರೇ ಇಲ್ಲದಿರುವುದು ನನಗೆ ನಿಜಕ್ಕೂ ಬೇಸರ ತಂದಿದೆ.

ಈಗ ಅಂಚೆಯಲ್ಲಿ ಎಂಜಲು ಕಳುಹಿಸಿ ಮಾಡಿಸಿಕೊಳ್ಳುವ ಡಿಎನ್‌ಎ ಪರೀಕ್ಷೆಗಳ ಬಗ್ಗೆಯೂ ಇದೇ ಎಚ್ಚರ ಬೇಕು. ಹತ್ತಿರದ ಸಂಬಂಧಗಳನ್ನು ಅವು ಚೆನ್ನಾಗಿಯೇ ತೋರಿಸುತ್ತವೆ. ಆದರೆ ಪ್ರತಿ ತಲೆಮಾರಿನಲ್ಲೂ ಅರ್ಧದಷ್ಟೇ ಮುಂದಕ್ಕೆ ದಾಟುವುದರಿಂದ, ಹತ್ತು ತಲೆಮಾರು ಹಿಂದಿನ ಪೂರ್ವಿಕರಲ್ಲಿ ಅನೇಕರ ಒಂದು ತುಣುಕೂ ನಮ್ಮ ದೇಹದಲ್ಲಿ ಉಳಿದಿರುವುದಿಲ್ಲ. ಪರೀಕ್ಷೆಯಲ್ಲಿ ಕಾಣಲಿಲ್ಲವೆಂದು ಅಂಥವರು ಪೂರ್ವಿಕರೇ ಅಲ್ಲವೆಂದು ಹೇಳುವಂತಿಲ್ಲ. ಇಂತಿಷ್ಟು ಪ್ರತಿಶತ ಇಂಥ ಪ್ರದೇಶದವರು ಎಂಬ ವರದಿಯು ಆ ಸಂಸ್ಥೆಯ ಬಳಿ ಇರುವ ಈಗಿನ ಜನರ ಮಾದರಿಗಳೊಂದಿಗೆ ಹೋಲಿಸಿ ಮಾಡಿದ ಅಂದಾಜು, ಮಾದರಿಗಳು ಬದಲಾದರೆ ಅಂಕಿಯೂ ಬದಲಾಗುತ್ತದೆ.

ಋಷಿಮೂಲ, ನದೀಮೂಲ ಕೆದಕಬಾರದು ಎಂಬ ಮಾತನ್ನು ಮುಂದಿಟ್ಟು ಈ ಹುಡುಕಾಟವೇ ಬೇಡವೆನ್ನುವವರೂ ಇದ್ದಾರೆ. ಅವರ ಅಳುಕು ನಿರಾಧಾರವಲ್ಲ. ಐತಿಹ್ಯ ಎಷ್ಟೋ ಸಲ ಒಂದು ಗಾಯದ ಮೇಲಿನ ಪಟ್ಟಿಯಂತೆ ಇರುತ್ತದೆ. ಅಜ್ಜ ಯುದ್ಧದಲ್ಲಿ ಸತ್ತ ಎಂದು ಹೇಳಿಕೊಂಡು ಬಂದ ಮನೆಯಲ್ಲಿ ಅಜ್ಜ ಹೆಂಡತಿ ಮಕ್ಕಳನ್ನು ಬಿಟ್ಟುಹೋಗಿದ್ದನೆಂದು ಕಡತ ತೋರಿಸಬಹುದು, ಆ ಮಕ್ಕಳಲ್ಲಿ ಒಬ್ಬರು ಇನ್ನೂ ಬದುಕಿರಬಹುದು. ಬದುಕಿರುವವರ ನೋವಿಗೆ ಕಾರಣವಾಗುವ ಸಂಗತಿಯನ್ನು ಪತ್ರಿಕೆಗೆ ಕಳುಹಿಸುವ ಮೊದಲು ಅವರ ಒಪ್ಪಿಗೆ ಕೇಳುವುದು ಬರೆಯುವವರ ಕರ್ತವ್ಯ, ಒಪ್ಪದಿದ್ದರೆ ಕಾಯುವುದೂ ಕರ್ತವ್ಯ. ಆದರೆ ಪ್ರಕಟಿಸದೆ ಸುಮ್ಮನಿರುವುದು ಬೇರೆ, ಯುದ್ಧದಲ್ಲಿ ಸತ್ತನೆಂದು ತಿಳಿದೂ ತಿಳಿದೂ ಮತ್ತೊಮ್ಮೆ ಬರೆಯುವುದು ಬೇರೆ. ಆ ಕಥೆಯನ್ನು ಕಟ್ಟಿದ ಅಜ್ಜಿ ಒಂಟಿಯಾಗಿ ಮಕ್ಕಳನ್ನು ಸಾಕಿ, ಅವರು ಊರೆದುರು ತಲೆಯೆತ್ತಿ ನಡೆಯುವಂತೆ ಮಾಡಿದವಳು. ಅವಳ ನಿಜವಾದ ಚರಿತ್ರೆ ಆ ಸುಳ್ಳು ಯುದ್ಧಕ್ಕಿಂತ ದೊಡ್ಡದು, ಮತ್ತು ಅದನ್ನು ತಿಳಿಯುವ ಹಕ್ಕು ಅವಳ ಮರಿಮಕ್ಕಳಿಗೆ ಇದೆ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೆ. ಈ ಅಂಕಣಕ್ಕೆ ಬರೆಯುವವರು ಪ್ರತಿಯೊಂದು ಮುಖ್ಯ ಸಂಗತಿಯ ಜೊತೆಗೆ ಅದು ತಿಳಿದದ್ದು ಹೇಗೆ ಎಂಬುದನ್ನು ಒಂದು ಸಾಲಿನಲ್ಲಾದರೂ ಹೇಳಬೇಕೆಂದು ಸಂಪಾದಕೀಯ ವಿಭಾಗವು ಸೂಚಿಸಲಿ. ‘ತಾಯಿಯ ತಾಯಿ ಹೇಳಿದ್ದು, ಅವರು ತಮ್ಮ ಮಾವನಿಂದ ಕೇಳಿದ್ದಂತೆ’ ಎಂದು ಬರೆದರೆ ಸಾಕು, ‘ಕ್ರಯಪತ್ರದಲ್ಲಿ ಕಂಡದ್ದು, ಮೂಲಪ್ರತಿ ನೋಡಿದ್ದೇನೆ’ ಎಂದರೆ ಇನ್ನೂ ಒಳ್ಳೆಯದು, ‘ನನ್ನ ಊಹೆ’ ಎಂದರೆ ಅದೂ ಗೌರವದ ಮಾತೇ. ಐತಿಹ್ಯಗಳನ್ನು ಕತ್ತರಿಸಿಹಾಕಬೇಡಿ. ಅವನ್ನು ಐತಿಹ್ಯವೆಂದೇ ಹೇಳಿ, ಹೇಳಿದವರ ಮಾತಿನ ಧಾಟಿಯಲ್ಲೇ ಪ್ರಕಟಿಸಿ. ಹಾಗೆಯೇ, ಹಿಂದಿನ ವಾರಗಳಲ್ಲಿ ಬರಹ ಪ್ರಕಟಿಸಿದವರು ಯಾರಾದರೂ ತಮ್ಮ ಆಧಾರಗಳನ್ನು ಈಗ ಕಳುಹಿಸಿದರೆ, ಅವಕ್ಕೂ ಪುರವಣಿಯ ಒಂದು ಮೂಲೆಯಲ್ಲಿ ಜಾಗ ಕೊಡಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಪುರವಣಿಯ ಓದುಗ